ಎಲುಬಿನ ಮಷೀನಿಗೆ ಅತ್ತೆಯ ಆಶೀರ್ವಾದ

ಎಲುಬು ನೋಡುವ ಕೆಲಸದಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ಒಂದು ದಿನ ನನ್ನ ಪಕ್ಕ ಬಂದು ಕೂಡಬೇಕು. ನಗದೆ ಎದ್ದು ಹೋದರೆ ಅವತ್ತಿನ ಚಹಾ ನನ್ನದು. ಕಲಬುರಗಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಲುಬಿನ ಗಟ್ಟಿತನ ಅಳೆಯುವ ಮಷೀನು ನಡೆಸುವವಳು ನಾನು. ಮನೆ ಕಮಲಾಪುರದಲ್ಲಿ, ದಿನಾ ಬಸ್ಸಿನ ಓಡಾಟ. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬು ಸದ್ದಿಲ್ಲದೆ ಸವೆಯುತ್ತದೆ, ಮುರಿಯುವ ಮೊದಲೇ ನೋಡಿಸಿಕೊಳ್ಳಿ ಎಂದು ಊರಿಗೆಲ್ಲ ಹೇಳುತ್ತೇನೆ. ಊರು ಕೇಳುತ್ತದೆ. ನನ್ನ ಅತ್ತೆ ಕೇಳುವುದಿಲ್ಲ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಸುಮ್ಮನೆ ಜಾರಿದ್ದಕ್ಕೇ ಮುಂಗೈ ಮುರಿಯಿತು. "ಈ ಸಲ ಕೈಯಾಗ ಮುಗೀತು. ಸೊಂಟ ಮುರದ್ರ ಮತ್ತ ಎದ್ದು ಅಡ್ಡಾಡೋದು ಕಷ್ಟ. ಜಲ್ದಿ ಎಲುಬು ನೋಡಿಸ್ರಿ" ಎಂದರು ಡಾಕ್ಟರು. ಅವತ್ತಿನಿಂದ ನನಗೆ ಒಂದೇ ಹೆದರಿಕೆ. ಮನೆತುಂಬ ಓಡಾಡುವ ಈ ಹೆಂಗಸು ಮಂಚ ಹಿಡಿದರೆ ನಾನು ನೋಡಲಾರೆ. ಆದರೆ ಅತ್ತೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಎಲುಬು ಆರಸೋದು ಸತ್ತ ಮೂರನೇ ದಿನಕ್ಕ" ಎಂದರು. "ನಿನಗ್ಯಾಕ ಇಷ್ಟು ಅವಸರ?"

ಥಂಡ ಖೋಲಿ

ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿಯಲ್ಲಿ ಸುಖವಾಗಿರುವುದು ನಮ್ಮ ಮಷೀನೊಂದೇ. ಅದಿರುವ ಕೋಣೆಗೆ ಏಸಿ ಬೇಕೇ ಬೇಕು. ಏಸಿ ಇರುವುದು ಮಷೀನಿಗೆ, ನಮಗಲ್ಲ ಎಂದು ಮಾಲೀಕರು ಬಿಡಿಸಿ ಹೇಳಿದ್ದಾರೆ.

ಕಪನೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ಬಂದರು. ಟೇಬಲ್ ಮೇಲೆ ಮಲಗಿಸಿ, ಅಲ್ಲಾಡಬೇಡಿ ಎಂದೆ. ಅಲ್ಲಾಡುವುದೆಲ್ಲಿ ಬಂತು, ಗೊರಕೆ ಶುರುವಾಯಿತು. ಸ್ಕ್ಯಾನ್ ಮುಗಿದ ಮೇಲೆ ಎಬ್ಬಿಸಿದೆ.

"ಸೊಂಟ ನೋಡಿದ್ರೇನ್ರೀ?"

"ನೋಡೀನ್ರೀ ಅಕ್ಕಾ."

"ಬೆನ್ನು?"

"ಅದೂ ಆತು. ಏಳ್ರಿ."

"ಇನ್ನ ಮಂಡಿ, ಕುತ್ತಿಗಿ ಎಲ್ಲಾ ಉಳದಾವಲ್ರೀ. ನಿಧಾನಕ ನೋಡ್ರಿ, ನನಗೇನ್ ಅವಸರಿಲ್ಲ" ಎಂದು ಆ ಅಕ್ಕ ಮಗ್ಗುಲಾದರು.

ಮರುದಿನ ಅವರ ಜತೆ ಮಿಲ್ಲಿನ ಗೆಳತಿಯರ ದಂಡೇ ಬಂತು. ದುರ್ದೈವಕ್ಕೆ ಅವತ್ತೇ ಮಷೀನು ಕೆಟ್ಟಿತ್ತು. ಇವತ್ತು ಮಷೀನ್ ನಡೆಯೋದಿಲ್ಲ ಎಂದೆ.

"ಮಷೀನ್ ಕೆಟ್ರ ಕೆಡ್ಲಿ ಬಿಡ್ರಿ" ಎಂದರು ಆ ಅಕ್ಕ. "ಖೋಲಿ ಛಲೋ ಅದ ಅಲ್ಲ?"

ಉಳಿಸಿಟ್ಟ ಎಲುಬು

ಇದನ್ನು ಮನೆಯಲ್ಲಿ ಹೇಳಿದರೆ ಅತ್ತೆ ಬಿದ್ದು ಬಿದ್ದು ನಕ್ಕರು. "ಅಲ್ಲಿ ಮಂದಿ ಮಲಗಲಾಕ ಬರ್ತಾರ. ನನಗ ಮನ್ಯಾಗೇ ನಿದ್ದಿ ಬರ್ತದ" ಎಂದರು. ಸರಿ, ಇನ್ನೊಂದು ಕಥೆ ಹೇಳಿ ಬುದ್ಧಿ ಕಲಿಸೋಣ ಎಂದು ನೆಗೆಣ್ಣಿಯರ ಪ್ರಸಂಗ ತೆಗೆದೆ.

ಕಲಬುರಗಿಯ ಜಗತ್ ಬಡಾವಣೆ ಕಡೆಯ ಒಂದೇ ಮನೆಯ ಇಬ್ಬರು ಸೊಸೆಯಂದಿರು. ಈಗ ಇಬ್ಬರೂ ಅಜ್ಜಿಯರಾಗಿದ್ದಾರೆ, ಆದರೂ ಪೈಪೋಟಿ ನಿಂತಿಲ್ಲ. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸಂತೆ ಮುಗಿಸಿ, ತುಂಬಿದ ಚೀಲಗಳ ಸಮೇತ ಬಂದಿದ್ದರು. ರಿಪೋರ್ಟಿನಲ್ಲಿ ದೊಡ್ಡವರದು ಮೈನಸ್ ಮೂರು, ಸಣ್ಣವರದು ಮೈನಸ್ ಒಂದು.

ದೊಡ್ಡವರ ಮುಖ ಅರಳಿತು. "ನೋಡು, ನಂದು ಮೂರು. ನಿಂದು ಬರೇ ಒಂದ."

"ಹಂಗಲ್ರೀ ಅಮ್ಮಾ, ಮುಂದ ಗೆರಿ ಅದ ನೋಡ್ರಿ. ಅದು ಕಡಿಮಿ ಅಂತ ಅರ್ಥ. ನಿಮ್ಮ ಎಲುಬು ಭಾಳ ಸವದದ, ಇವರದು ಅಷ್ಟು ಸವದಿಲ್ಲ" ಎಂದು ತಿಳಿಸಿ ಹೇಳಿದೆ. ಭಾರ ಎತ್ತಬೇಡಿ, ಗುಳಿಗೆ ತಪ್ಪಿಸಬೇಡಿ ಎಂದೂ ಸೇರಿಸಿದೆ.

ದೊಡ್ಡವರು ತಮ್ಮ ಚೀಲಗಳನ್ನೆಲ್ಲ ನೆಗೆಣ್ಣಿಯ ಕಡೆ ದೂಡಿದರು.

"ಆಕಿ ಪಾಲಿನ ನೀರೂ ನಾನೇ ಹೊತ್ತೀನ್ರೀ, ಅದಕ್ಕ ನಂದು ಸವದದ" ಎಂದು ನನಗೆ ಹೇಳಿ, ಅವರ ಕಡೆ ತಿರುಗಿದರು. "ಇಷ್ಟು ದಿನ ಉಳಿಸಿಟ್ಟೀಯಲ್ಲ, ಈಗ ಖರ್ಚು ಮಾಡು. ಹೊರು!"

ಬಗ್ಗಬ್ಯಾಡ್ರಿ

ಈ ಕಥೆಗೂ ಅತ್ತೆ ಕರಗಲಿಲ್ಲ. "ನನಗ ನೆಗೆಣ್ಣಿನೇ ಇಲ್ಲ" ಎಂದು ಎದ್ದು ಹೋದರು. ಅಷ್ಟರಲ್ಲಿ ಕಮಲಾಪುರದಲ್ಲೇ ನಮ್ಮ ಸೆಂಟರಿನ ಎಲುಬು ತಪಾಸಣೆ ಶಿಬಿರ ನಿಗದಿಯಾಯಿತು. ದೊಡ್ಡ ಮಷೀನು ಹೊತ್ತು ತರಲಾಗದು. ಹಿಮ್ಮಡಿಯನ್ನಷ್ಟೇ ನೋಡುವ ಪೆಟ್ಟಿಗೆಯಂಥ ಮಷೀನು ತಂದೆವು. ಕುರ್ಚಿಯ ಮೇಲೆ ಕೂಡಿಸಿ, ಹಿಮ್ಮಡಿಗೆ ಜೆಲ್ ಹಚ್ಚಿ, ಪಾದ ಅದರೊಳಗೆ ಇಟ್ಟರಾಯಿತು.

ತೊಡಕು ಬಂದದ್ದು ಪಾದ ಮುಟ್ಟುವಲ್ಲಿ. ನಾನು ಕಾಲು ಹಿಡಿದ ಕೂಡಲೇ ಹೆಂಗಸರು "ಅಯ್ಯ, ನನ್ನ ಕಾಲ ಮುಟ್ಟಬ್ಯಾಡ್ರೀ ಯವ್ವಾ, ಪಾಪ ಹತ್ತತದ" ಎನ್ನುವರು. ಪರೀಕ್ಷೆ ಮುಗಿದ ಮೇಲೆ ಆ ಪಾಪ ತೊಳೆಯಲು ನನ್ನ ಕಾಲಿಗೆ ಬೀಳುವರು. ಹೀಗೆ ಒಬ್ಬೊಬ್ಬರಿಗೆ ಎರಡು ಪಟ್ಟು ಹೊತ್ತು ಹಿಡಿಯಿತು.

ಒಬ್ಬ ಅಜ್ಜಿಯ ಎಲುಬು ತೀರ ಸವೆದಿತ್ತು. ಶಿಬಿರದ ಡಾಕ್ಟರು ಗುಳಿಗೆ ಬರೆದು, "ಅಜ್ಜಿ, ಒಂದು ಮಾತು ನೆನಪಿಡ್ರಿ. ಒಮ್ಮಿಗೇ ಬಗ್ಗಬ್ಯಾಡ್ರಿ" ಎಂದು ಮತ್ತೆ ಮತ್ತೆ ಹೇಳಿದರು.

"ಇಲ್ರೀ ಸಾಹೇಬ್ರ, ಇನ್ನ ಯಾವತ್ತೂ ಬಗ್ಗಂಗಿಲ್ಲ" ಎಂದ ಅಜ್ಜಿ, ಒಮ್ಮೆಗೇ ಬಗ್ಗಿ ಡಾಕ್ಟರ ಕಾಲಿಗೆ ನಮಸ್ಕಾರ ಮಾಡಿದರು.

ಎರಡೂ ಕೈ ತೋರಸು

ಆ ಶಿಬಿರದಲ್ಲಿ ಯಜಮಾನಿಕೆ ಅತ್ತೆಯದೇ. ಬಾಗಿಲಲ್ಲಿ ನಿಂತು, "ಏ, ಬಾ ಒಳಗ. ಯಾಕ ಅಂಜ್ತಿ? ನಮ್ಮ ಸೊಸಿ ಏನ್ ಕಾಲ ಕಡಕೋತಾಳೇನು?" ಎಂದು ಓಣಿಯವರನ್ನೆಲ್ಲ ಕೂಡಿಸಿದರು. ಎಲ್ಲರದೂ ಮುಗಿಯಿತು. ನೀವೂ ಬನ್ನಿ ಎಂದರೆ, "ನಾ ಮಂದಿನ ಕರೀಲಾಕ ಬಂದೀನಿ" ಎಂದರು.

ಡಾಕ್ಟರ ಕಾಲಿಗೆ ಬಿದ್ದ ಅಜ್ಜಿಯ ನಮಸ್ಕಾರ ನೆನಪಾಯಿತು. ತಲೆಯಲ್ಲಿ ಮಿಂಚು ಹೊಡೆಯಿತು.

"ಅತ್ತೀ, ನಮ್ಮೂರಾಗ ಇದು ನನ್ನ ಮೊದಲನೇ ಶಿಬಿರ. ಆಶೀರ್ವಾದ ಮಾಡ್ರಿ" ಎಂದೆ.

ಇಷ್ಟು ಜನರೆದುರು ಸೊಸೆ ಕಾಲಿಗೆ ಬೀಳುತ್ತೇನೆ ಎಂದರೆ ಯಾವ ಅತ್ತೆ ಬೇಡ ಎಂದಾಳು? ಸೆರಗು ಹೊದ್ದು, ಕುರ್ಚಿಯಲ್ಲಿ ಗಂಭೀರವಾಗಿ ಕೂತರು. ನಾನು ಬಗ್ಗಿ ಪಾದ ಹಿಡಿದೆ. ತಲೆಯ ಮೇಲೆ ಕೈ ಬಂತು.

"ನೂರು ವರ್ಷ ಬಾಳು ನಮ್ಮವ್ವ, ಮುತ್ತೈದಿಯಾಗಿರು... ಇದೇನ ಥಣ್ಣಗ ಹತ್ತಲಕತ್ತದ?"

"ಜೆಲ್ ರೀ ಅತ್ತಿ. ಅಲ್ಲಾಡಬ್ಯಾಡ್ರಿ. ಇನ್ನೊಂದೀಟು ಆಶೀರ್ವಾದ ಮಾಡ್ರಿ."

ಪಾದ ಆಗಲೇ ಮಷೀನಿನೊಳಗಿತ್ತು. ಕಿತ್ತುಕೊಂಡರೆ ಆಶೀರ್ವಾದ ಅರ್ಧಕ್ಕೆ ನಿಂತಂತೆ. ಅತ್ತೆ ಹಲ್ಲು ಕಚ್ಚಿ ಮುಂದುವರಿಸಿದರು. "ಮಕ್ಕಳು ಛಲೋ ಓದ್ಲಿ. ಬಸ್ಸಿನ್ಯಾಗ ಸೀಟ್ ಸಿಗಲಿ. ಮಾಲೀಕ ಪಗಾರ ಹೆಚ್ಚು ಮಾಡ್ಲಿ. ಹಿರೇರಿಗೆ ಮೋಸ ಮಾಡೋ ಚಾಳಿ ಬಿಟ್ಟು ಹೋಗ್ಲಿ!" ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಮಷೀನು ಕುಂಯ್ ಎಂದಿತು.

ನೋಡಿದೆ. ನನ್ನ ನಗು ಅಲ್ಲೇ ನಿಂತಿತು.

"ಏನ್ ಬಂದದ?" ಎಂದು ಅತ್ತೆ ಕೇಳಿದರು.

"ಸವದದ್ರೀ ಅತ್ತಿ. ಆದ್ರ ಗುಳಿಗಿ ಅದಾವ. ಕಲಬುರಗಿಗಿ ಬಂದು ದೊಡ್ಡ ಮಷೀನಿನ್ಯಾಗ ಒಮ್ಮಿ..." ಕಣ್ಣು ತುಂಬಿದವು.

ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿದರು. "ಹುಚ್ಚಿ, ಅಳ್ತಾರೇನು? ಬರ್ತೀನಿ. ಆ ಥಂಡ ಖೋಲ್ಯಾಗೇ ಅಲ್ಲ?" ಹಿಮ್ಮಡಿಯ ಜೆಲ್ ಒರೆಸಿಕೊಳ್ಳುತ್ತ, "ದಿಂಬು ಅಲ್ಲೇ ಕೊಡ್ತಾರೋ, ನಾನೇ ತರ್ಲೋ?" ಎಂದರು.

ಬಂದರು, ಮಲಗಿದರು, ಗೊರಕೆಯನ್ನೂ ಹೊಡೆದರು. ಈಗ ಗುಳಿಗೆ ತಪ್ಪಿಸುವುದಿಲ್ಲ, ಬೆಳಗಿನ ಬಿಸಿಲಿನಲ್ಲಿ ಅಡ್ಡಾಡುತ್ತಾರೆ. ಬಚ್ಚಲಲ್ಲಿ ಜಾರದಂಥ ಮ್ಯಾಟ್ ಹಾಕಿಸಿದ್ದೇನೆ. ನನ್ನ ಜೀವ ತಣ್ಣಗಾಗಿದೆ.

ಮೊನ್ನೆ ದೀಪಾವಳಿಗೆ ಹೊಸ ಸೀರೆ ಉಟ್ಟು, ಮಂಚದ ಮೇಲೆ ಕೂತಿದ್ದ ಅತ್ತೆಗೆ ನಮಸ್ಕಾರ ಮಾಡಲು ಬಗ್ಗಿದೆ. ಕಾಲುಗಳೇ ಇರಲಿಲ್ಲ! ಎರಡನ್ನೂ ಮೇಲೆಳೆದು ಸೀರೆಯೊಳಗೆ ಮುಚ್ಚಿಟ್ಟುಕೊಂಡಿದ್ದರು.

"ಆಶೀರ್ವಾದ ಆಮ್ಯಾಲ" ಎಂದರು ಅತ್ತೆ. "ಮೊದಲ ಎರಡೂ ಕೈ ತೋರಸು."