ಬಿಚ್ಚಲಾಗದ್ದನ್ನು ಕೊಳ್ಳದ ಭಾವ

ನಮ್ಮ ಭಾವನವರು ಈವರೆಗೆ ಯಾವ ವಸ್ತುವನ್ನೂ ಕೊಂಡವರಲ್ಲ. ಅವರು ಕೊಳ್ಳುವುದು ಅದನ್ನು ಬಿಚ್ಚುವ ಹಕ್ಕನ್ನು. ವಸ್ತು ಅದರ ಜೊತೆಗೆ ಪುಕ್ಕಟೆಯಾಗಿ ಬರುತ್ತದೆ, ಅಷ್ಟೆ!

ಇದು ಉತ್ಪ್ರೇಕ್ಷೆ ಎನಿಸಿದರೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ಅವರ ಮನೆಗೆ ಒಮ್ಮೆ ಹೋಗಿ ಬರಬಹುದು. ಅಲ್ಲಿ ಮಿಕ್ಸರ್ ಇದೆ, ಅದಕ್ಕೆ ತಳದ ಮುಚ್ಚಳವಿಲ್ಲ. ಇಸ್ತ್ರಿ ಪೆಟ್ಟಿಗೆಗೆ ಕುಕ್ಕರಿನ ಹಿಡಿಕೆಯಿದೆ. ಕರೆಗಂಟೆ ಒತ್ತಿದರೆ ಯಾವುದೋ ಕಾಲದ ಸ್ಕೂಟರಿನ ಹಾರ್ನು ಮೊಳಗುತ್ತದೆ. ಹೊಸಬರು ಗಾಬರಿಯಾಗಿ ರಸ್ತೆಯ ಬದಿಗೆ ಸರಿಯುತ್ತಾರೆ. ಎಲ್ಲವೂ ಕೆಲಸ ಮಾಡುತ್ತವೆ ಎಂಬುದನ್ನು ಪ್ರಾಮಾಣಿಕತೆಯ ದೃಷ್ಟಿಯಿಂದ ದಾಖಲಿಸಬೇಕು. ಯಾವುದೂ ತನ್ನ ಮೂಲರೂಪದಲ್ಲಿಲ್ಲ ಎಂಬುದನ್ನೂ.

ಈ ಪ್ರವೃತ್ತಿಯ ಆರಂಭ ಯಾವಾಗಿನದು? ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದು ನಿವೃತ್ತನಾದ ನನಗೆ ಇಂಥ ಪ್ರಶ್ನೆಯನ್ನು ಹಾಗೆಯೇ ಬಿಡಲಾಗದು. ಲಭ್ಯವಿರುವ ಅತಿ ಪ್ರಾಚೀನ ಉಲ್ಲೇಖ ಹುನಗುಂದದ ನಮ್ಮ ಮನೆಗೆ ಅವರು ಅಕ್ಕನನ್ನು ನೋಡಲು ಬಂದ ದಿನದ್ದು. ಹೆಣ್ಣು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದಾಗ ವರ ಜಮಖಾನೆಯ ಮೇಲೆ ಬೋರಲಾಗಿ ಯಾವುದೋ ಯಂತ್ರದ ಒಡಲಲ್ಲಿ ಕೈಯಿಟ್ಟಿದ್ದರು. ಯಾವ ಯಂತ್ರ? ಭಾವನವರ ಪ್ರಕಾರ ಅದು ರೇಡಿಯೋ. ಅಕ್ಕನ ಪ್ರಕಾರ ಗೋಡೆ ಗಡಿಯಾರ. ಇಬ್ಬರು ಪ್ರತ್ಯಕ್ಷದರ್ಶಿಗಳ ಹೇಳಿಕೆಗಳು ತಾಳೆಯಾಗದಿದ್ದಾಗ ಮೂರನೆಯ ಆಧಾರವನ್ನು ಅರಸಬೇಕಾದುದು ವೃತ್ತಿಧರ್ಮ. ಬದುಕಿರುವ ಏಕೈಕ ಸಾಕ್ಷಿಯಾದ ಸೋದರತ್ತೆಯನ್ನು ಕೇಳಿದೆ.

"ಎರಡೂನು," ಎಂದಳು ಅತ್ತೆ.

ಆದರೂ ಅಕ್ಕ ಒಪ್ಪಿದಳು. ಯಾಕೆ ಒಪ್ಪಿದೆ ಎಂದು ಒಮ್ಮೆ ಕೇಳಿದ್ದಕ್ಕೆ, "ಕೆಟ್ಟದ್ದನ್ನ ತಿಪ್ಪಿಗೆ ಒಗಿಯೂ ಮನಷ್ಯಾ ಅಲ್ಲ ಅಂತ ಅವತ್ತ ಗೊತ್ತಾತಲ್ಲೊ," ಎಂದಿದ್ದಳು.

ಭಾವನವರು ಇಳಕಲ್ಲಿನ ನೇಕಾರ ಮನೆತನದವರು. ಅವರು ಮಗ್ಗದ ಮೇಲೆ ಕೂಡದೆ ಬಾಗಲಕೋಟೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನೌಕರಿ ಮಾಡಿದರು, ನಿಜ. ಆದರೆ ಮಗ್ಗ ಅವರೊಳಗೆ ಕೂತಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದದ ಎಳೆ, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಅವರ ಮನೆಯಲ್ಲಿ ಸೀರೆ ಕೈಗೆ ಬಂದರೆ ಯಾರೂ ಮೊದಲು ಬಣ್ಣ ನೋಡುವುದಿಲ್ಲ. ಮಗುಚಿ ಹಾಕಿ, ಕೊಂಡಿ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾರೆ. ಕೂಡಿಸಿದ್ದು ಎಲ್ಲಿ ಎಂದು ಗೊತ್ತಾಗದ ವಸ್ತುವನ್ನು ನಂಬಬಾರದು ಎಂಬುದು ಭಾವನವರಿಗೆ ಹಾಲಿನೊಡನೆ ಬಂದ ಸಿದ್ಧಾಂತ. ಮುಂದೆ ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಅವರು ಮನೆಯ ಬಾಗಿಲು, ಚೌಕಟ್ಟು, ಕಿಟಕಿ, ತೊಲೆ ಎಲ್ಲವನ್ನೂ ಬಿಚ್ಚಿ ತಂದು ವಿದ್ಯಾಗಿರಿಯಲ್ಲಿ ಮತ್ತೆ ಕೂಡಿಸಿದರು. ಆ ಮೇಲಂತೂ ಸಿದ್ಧಾಂತ ಗಟ್ಟಿಯಾಗಿ ಧರ್ಮವೇ ಆಯಿತು.

ಇಂಥವರ ಮನೆಯ ಲ್ಯಾಪ್‌ಟಾಪ್ ಹೇಗಿರಬೇಕು?

ಅದು ವಾಸ್ತವವಾಗಿ ಅಕ್ಕನದು. ಅಕ್ಕ ಸೀರೆಯ ದಡಿ ಮತ್ತು ಸೆರಗುಗಳ ವಿನ್ಯಾಸ ಬಿಡಿಸುತ್ತಾಳೆ; ಇಳಕಲ್ಲಿನ ಕೆಲವು ಮಗ್ಗಗಳು ಇಂದಿಗೂ ಆಕೆಯ ನಕ್ಷೆಗಳ ಮೇಲೆ ನಡೆಯುತ್ತವೆ. ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬುತ್ತಿದ್ದಳು. ಬಲಗೈಗೆ ನಡುಕದ ಕಾಯಿಲೆ ಬಂದ ಮೇಲೆ ಪೆನ್ಸಿಲ್ ನಿಲ್ಲದಾಯಿತು. ಆಗ ಭಾವನವರು ಈ ಯಂತ್ರ ತಂದರು. ಹಳೆಯ ಮಾದರಿಯ ದಪ್ಪ ಲ್ಯಾಪ್‌ಟಾಪ್. ಬೆರಳಾಡಿಸುವ ಪಟ್ಟಿಯ ಕೆಳಗೆ ಎರಡು ಉಬ್ಬಿದ ಗುಂಡಿಗಳು, ಪ್ರತ್ಯೇಕವಾಗಿ. ಅಕ್ಕ ಬಲ ಮಣಿಕಟ್ಟನ್ನು ಯಂತ್ರದ ಮೇಲೆಯೇ ಊರಿ, ಒಂದು ಬೆರಳಿನಿಂದ ಬಾಣವನ್ನು ನಿಧಾನವಾಗಿ ಚೌಕದೊಳಗೆ ತರುತ್ತಾಳೆ. ಬಾಣ ನಿಂತ ಕೂಡಲೆ ಎಡಗೈ ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾಳೆ. ಮೌಸ್ ಕೊಟ್ಟರೆ ಅದು ನಡುಗುವ ಕೈಯೊಳಗಿಂದ ಓಡಿಹೋಗುತ್ತದೆ. ಗುಂಡಿಯಿಲ್ಲದ ನುಣುಪು ಪಟ್ಟಿಯಲ್ಲಿ ಒತ್ತಿದರೆ ಬಾಣವೇ ಜಾರುತ್ತದೆ. ಆ ಎರಡು ಗುಂಡಿಗಳಿದ್ದರೆ ಅಕ್ಕನ ಕೆಲಸವುಂಟು, ಇಲ್ಲದಿದ್ದರೆ ಇಲ್ಲ.

ಹೀಗಾಗಿ ಆ ಯಂತ್ರ ಸಾಯದಂತೆ ಭಾವನವರು ನೋಡಿಕೊಂಡರು. ಬ್ಯಾಟರಿ ಬದಲಾಯಿತು, ಮೆಮೊರಿ ಏರಿತು, ಡಿಸ್ಕ್ ಹೊಸದಾಯಿತು, ಪರದೆ ಬೇರೊಂದರಿಂದ ಬಂತು, ಮುಚ್ಚಳದ ತಿರುಗುಣಿಗಳು ಮತ್ತೊಂದರಿಂದ. ಒಂದು ದಿನ ಅಭ್ಯಾಸಬಲದಿಂದ ನಾನು ಅದರ ಕಾಲನಿರ್ಣಯಕ್ಕೆ ಕುಳಿತೆ. ತಳಪಾಯ ಒಂದು ಕಾಲದ್ದು, ಶಿಖರ ಇನ್ನೊಂದು ಕಾಲದ್ದು. ಕೀಲಿಮಣೆ ನಿಸ್ಸಂದೇಹವಾಗಿ ಉತ್ತರಕಾಲೀನ ಸೇರ್ಪಡೆ. ಮುಚ್ಚಳದ ಮೇಲಿನ ಲಾಂಛನಕ್ಕೂ ಒಳಗಿನ ಬೋರ್ಡಿಗೂ ವಂಶಸಂಬಂಧವೇ ಇಲ್ಲ.

"ಭಾವ, ಇದು ಯಾವ ವರ್ಷದ ಲ್ಯಾಪ್‌ಟಾಪ್ ಅಂತ ಬರೀಲಿ?" ಎಂದು ಕೇಳಿದೆ.

"ಈ ವರ್ಷದ್ದಂತ ಬರಿ, ಪಂಡಿತಾ. ನಿನ್ನೆನ ಹೊಸಾ ಫ್ಯಾನ್ ಹಾಕೇನಿ."

ಹೀಗಿರುವಾಗ ಎಡಗುಂಡಿ ತೊಂದರೆ ಕೊಡತೊಡಗಿತು. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗಿ, ಅಷ್ಟರಲ್ಲಿ ಬಾಣ ಅಲುಗಿ ಪಕ್ಕದ ಚೌಕವೂ ತುಂಬಿಬಿಡುವುದು. ಒಂದು ಚೌಕ ತಪ್ಪಿದರೆ ಮಗ್ಗದ ಮೇಲೆ ಹೂವಿನ ಎಸಳೇ ತಪ್ಪುತ್ತದೆ. ಭಾವನವರು ಬೋರ್ಡು ಬಿಚ್ಚಿ ಗುಂಡಿ ಬದಲಿಸಿದರು. ತೊಂದರೆ ಹೋಗಲಿಲ್ಲ. ಅಕ್ಕ ಚಹಾ ಕೊಡುತ್ತ ಸಹಜವಾಗಿ, "ಈ ಸೆರಗೊಂದು ಮುಗಿಸಿ ಬಿಟ್ಟಬಿಡ್ತೇನಿ ತಮ್ಮಾ. ಸಾಕಾತು," ಎಂದಳು. ಭಾವನವರು ತಲೆಯೆತ್ತಲಿಲ್ಲ, ಆದರೆ ಅವರ ಕೈಯಲ್ಲಿದ್ದ ಸ್ಕ್ರೂ ನೆಲಕ್ಕೆ ಬಿತ್ತು. ಅವರ ಕೈಯಿಂದ ಸ್ಕ್ರೂ ಬಿದ್ದುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊಸದೊಂದನ್ನಾದರೂ ನೋಡೋಣ ಎಂದು ಬಲವಂತ ಮಾಡಿ ಅವರನ್ನು ಬಾಗಲಕೋಟೆಯ ಒಂದು ಅಂಗಡಿಗೆ ಕರೆದೊಯ್ದೆ. ಮಾಲೀಕರು ಕನ್ನಡಿಯಂತೆ ಹೊಳೆಯುವ ಲ್ಯಾಪ್‌ಟಾಪನ್ನು ತೆರೆದಿಟ್ಟರು. ಭಾವನವರು ಅದನ್ನು ಮುಚ್ಚಿ, ಮಗುಚಿ, ಹೆಬ್ಬೆರಳಿನಿಂದ ಬೆನ್ನು ಸವರತೊಡಗಿದರು.

"ಸರ, ಪರದೆ ಈ ಕಡೆ ಐತ್ರಿ," ಎಂದರು ಮಾಲೀಕರು.

"ಪರದೆ ಎಲ್ಲಾವುದೂ ಛಲೋನ ಇರ್ತಾವ. ಸ್ಕ್ರೂ ಎಲ್ಲಿ ಅದಾವ?"

"ರಬ್ಬರ್ ಕಾಲಿನ ಬುಡಕ ಮುಚ್ಯಾರ್ರಿ."

"ಮುಚ್ಚಿಡೂವಂಥಾದ್ದು ಏನ ಮಾಡ್ಯಾರ?"

ಮಾಲೀಕರು ನನ್ನತ್ತ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿಯನ್ನು ಪರಿಶೀಲಿಸತೊಡಗಿದೆ.

"ಮೆಮೊರಿ ಹೆಚ್ಚಿಗಿ ಹಾಕಬೇಕಂದ್ರ?"

"ಆಗೂದಿಲ್ರಿ, ಬೋರ್ಡಿಗೇ ಬೆಸುಗಿ ಹಾಕಿರ್ತಾರ."

"ಬ್ಯಾಟರಿ?"

"ಒಳಗ ಅಂಟಿಸ್ಯಾರ್ರಿ."

"ಒಂದು ಕೀ ಕೆಟ್ರ?"

"ಮ್ಯಾಲಿನ ಭಾಗ ಪೂರಾ ಬದಲಿ ಮಾಡೂದ್ರಿ."

"ಅಂದ್ರ ಗುಂಡಿ ಹರದ್ರ ಅಂಗಿ ಒಗೀಬೇಕು."

"ಹಂಗಲ್ಲ ಸರ, ಎಷ್ಟು ತೆಳ್ಳಗ ಐತಿ ನೋಡ್ರಿ ಇದು."

"ಪಾಪ, ಜ್ವರ ಬಂದಿತ್ತೇನು?"

ಮಾಲೀಕರು ಸಹನೆಯ ಮನುಷ್ಯ. "ಎಲ್ಲಾರೂ ನಾಕೈದು ವರ್ಷಕ್ಕ ಹೊಸಾದು ತಗೊಂಡಬಿಡ್ತಾರ್ರಿ ಸರ. ಯಾರೂ ರಿಪೇರಿ ಅಂತ ಕುಂಡ್ರೂದಿಲ್ಲ," ಎಂದು ತಿಳಿಯಹೇಳಿದರು.

"ನಿಮ್ಮ ಮದುವಿ ಆಗಿ ಎಷ್ಟು ವರ್ಷ ಆತ್ರಿ?" ಎಂದರು ಭಾವನವರು.

ಅಲ್ಲಿಗೆ ಆ ಖರೀದಿ ಮುಗಿಯಿತು. ಮಾಲೀಕರ ತಪ್ಪೇನೂ ಇರಲಿಲ್ಲ. ಬೆಸುಗೆ ಹಾಕಿದವರು ಎಲ್ಲೋ ದೂರದಲ್ಲಿದ್ದರು; ಬೈಸಿಕೊಳ್ಳಲು ಈ ಸಜ್ಜನರು ಸಿಕ್ಕರು. ಹೊರಡುವಾಗ ಭಾವನವರೇ ಅದನ್ನು ಅರಿತು, ಬಾಗಿಲಲ್ಲಿ ಕಿರುಗುಟ್ಟುತ್ತಿದ್ದ ಅವರ ಟೇಬಲ್ ಫ್ಯಾನನ್ನು ಸರಿಮಾಡಿ ಕೊಟ್ಟು ಬಂದರು.

ಇನ್ನು ಉಳಿದದ್ದು ಒಂದೇ ದಾರಿ. ಅದೇ ಮಾದರಿಯ ಸತ್ತ ಯಂತ್ರವೊಂದನ್ನು ಹುಡುಕಿ, ಅದರ ಗುಂಡಿಗಳ ಪಟ್ಟಿಯನ್ನೇ ತೆಗೆದು ಇದಕ್ಕೆ ಕೂಡಿಸುವುದು. ಬನಶಂಕರಿ ಪಕ್ಕದ ಚೊಳಚಗುಡ್ಡದಲ್ಲಿ ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರ ಅಟ್ಟದ ಮೇಲೆ ಅಂಥದೊಂದಿದೆ ಎಂದು ತಿಳಿದು ಇಬ್ಬರೂ ಹೊರಟೆವು. ದಾರಿಯಲ್ಲಿ ಬಾದಾಮಿ ಸಿಕ್ಕಾಗ ನಾನು ಸುಮ್ಮನಿರಲಾದೀತೇ? ಅವರನ್ನು ಗುಹೆಗಳಿಗೆ ಹತ್ತಿಸಿ, ಮೂರನೆಯ ಗುಹೆಯ ಶಾಸನದಲ್ಲಿರುವ ಶಕವರ್ಷ ಐನೂರನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವಾಗ ಎಂಥ ಎಚ್ಚರ ಬೇಕು ಎಂಬುದನ್ನು ಸವಿಸ್ತಾರವಾಗಿ ವಿವರಿಸಿದೆ. ಭಾವನವರು ಕಂಬವೊಂದನ್ನು ತಟ್ಟಿ ನೋಡಿದರು.

"ಇಡೀ ಗುಡ್ಡಾ ಕೊರದು ಒಂದ ಕಲ್ಲಿನಾಗ ಮಾಡ್ಯಾರಲ್ಲೊ. ಈ ಕಂಬ ಹೋದ್ರ ಬದಲಿ ಎಲ್ಲಿಂದ ತರ್ತಾರ? ಇದು ಆ ಅಂಗಡ್ಯಾಗಿನ ಲ್ಯಾಪ್‌ಟಾಪಿನ ಜಾತಿ."

ಗುಹಾಲಯಗಳ ಬಗ್ಗೆ ನಾನು ಓದಿರುವ ವಿದ್ವತ್ಸಾಹಿತ್ಯ ಕಡಿಮೆಯದಲ್ಲ. ಅದರಲ್ಲೆಲ್ಲೂ ಈ ಆಕ್ಷೇಪ ಬಂದಿಲ್ಲ. ಎದುರಿನ ಗುಡ್ಡದ ಮಾಲೆಗಿತ್ತಿ ಶಿವಾಲಯವನ್ನು ನೋಡಿದಾಗ ಮಾತ್ರ ಅವರ ಮುಖ ಅರಳಿತು. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಸಂದುಗಳು ಕಾಣುತ್ತವೆ. "ಇದು ನೋಡು ಖರೆ ಕೆಲಸ. ಬೇಕಂದ್ರ ಬಿಚ್ಚಬಹುದು," ಎಂದವರೇ ಸ್ಕ್ರೂಡ್ರೈವರ್ ಇದ್ದ ಅಂಗಿಯ ಜೇಬಿಗೆ ಕೈ ಹಾಕಿದರು. ಕಾವಲುಗಾರರು ನಮ್ಮತ್ತಲೇ ನೋಡುತ್ತಿದ್ದುದರಿಂದ ನಾನು ಅವರ ತೋಳು ಹಿಡಿದು ಲಗುಬಗೆಯಿಂದ ಕೆಳಗಿಳಿಸಿದೆ.

ಚೊಳಚಗುಡ್ಡದ ಯಂತ್ರ ಸಿಕ್ಕಿತು. ಶಿಕ್ಷಕರು ಅದನ್ನು ಧೂಳು ಒರೆಸಿ ಕೊಟ್ಟರು. ಭಾವನವರು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಪ್ರಯಾಣಿಕರಿಗೆ ಅದರ ಬೆನ್ನಿನ ಸ್ಕ್ರೂಗಳನ್ನು ತೋರಿಸುತ್ತ ಬಂದರು. ಅಷ್ಟು ಉಲ್ಲಾಸದಲ್ಲಿದ್ದ ಅವರನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಗುಂಡಿಗಳ ಪಟ್ಟಿ ಕೂಡಿತು. ಅಕ್ಕ ಬಂದು ಕುಳಿತಳು. ಬಾಣವನ್ನು ತಂದಳು, ಒತ್ತಿದಳು. ಒಂದು ಚೌಕ ತುಂಬಿತು, ಹಿಂದೆಯೇ ಪಕ್ಕದ್ದೂ.

"ಇದೂ ಸವದೈತೇನ ಹಂಗಾರ," ಎಂದು ಭಾವನವರು ಸ್ಕ್ರೂಡ್ರೈವರ್ ತೆಗೆದರು. ತೆರೆಯುವ ಮೊದಲು ತಾವೇ ಒಮ್ಮೆ ಒತ್ತಿದರು. ಒಂದೇ ಚೌಕ. "ಪಂಡಿತಾ, ನೀ ಒತ್ತು," ಎಂದರು. ನಾನು ಒತ್ತಿದೆ. ಒಂದೇ ಚೌಕ. ಯಾವುದನ್ನೂ ಒಮ್ಮೆ ನೋಡಿ ನಂಬುವ ರೂಢಿ ನನಗಿಲ್ಲ. ಮತ್ತೆ ಮತ್ತೆ ಒತ್ತಿದೆ. ಪ್ರತಿ ಸಲವೂ ಒಂದೇ. ಕೊನೆಕೊನೆಗೆ, ಒತ್ತುವುದನ್ನು ನಿಲ್ಲಿಸಬೇಕೆಂದು ನನಗೂ ತೋಚಿತು.

ಅಕ್ಕ ಎಡಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು.

"ಗುಂಡಿ ಛಲೋ ಅದಾವ್ರಿ. ಮೊದಲಿನವೂ ಛಲೋನ ಇದ್ದೂ," ಎಂದಳು. "ಎಡಗೈಗೂ ಬಂದೈತಿ."

"ಯಾವಾಗಿಂದ, ಅಕ್ಕ?" ಬಾಯಿಗೆ ಬಂದದ್ದು ಅದೊಂದೇ ಪ್ರಶ್ನೆ.

"ನಿನಗ ಇದಕ್ಕೂ ಒಂದು ತಾರೀಖು ಬೇಕು ನೋಡು. ದೀಪಾವಳಿ ಹೊತ್ತಿಗೆ ಅಂತ ತಿಳಕೋ."

ಭಾವನವರು "ನನಗ ಯಾಕ ಹೇಳಲಿಲ್ಲ?" ಎಂದರು.

"ಹೇಳಿದ್ರ ಏನ ಬಿಚ್ಚತಿದ್ರಿ? ಗುಂಡಿ ಹುಡಕ್ಕೋತ ಊರೂರು ಅಡ್ಡಾಡಾಕತ್ತಿದ್ರಿ. ಹುರುಪಿನ್ಯಾಗ ಇದ್ರಿ. ಇರ್ಲಿ ಅಂತ ಬಿಟ್ಟೆ."

ಅವರು ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ಒಮ್ಮೆ ಹೊರಳಿಸಿ ಮೇಜಿನ ಮೇಲಿಟ್ಟರು. ಕುರ್ಚಿಯನ್ನು ಅಕ್ಕನ ಎಡಕ್ಕೆ ಎಳೆದುಕೊಂಡು ಕುಳಿತು, ಗುಂಡಿಯ ಮೇಲೆ ತಮ್ಮ ಹೆಬ್ಬೆರಳನ್ನು ಇಟ್ಟರು.

"ನೀ ಬಾಣ ಒಯ್ಯಿ. ಹೂಂ ಅನ್ನು, ನಾ ಒತ್ತತೇನಿ."

"ನಿಮಗೆಲ್ಲಿ ತಡಿಯೂ ಗುಣ ಐತಿ. ನಾ ಅನ್ನೂದರಾಗ ಒತ್ತಿ ಬಿಟ್ಟಿರ್ತೀರಿ."

"ಒತ್ತೂದಿಲ್ಲ."

ಬಾಣ ಹೊರಟಿತು. ನಡುಗುತ್ತ ಚೌಕದ ಅಂಚಿನವರೆಗೆ ಬಂದು, ದಾಟಿ, ಹಿಂದಿರುಗಿ, ಮತ್ತೆ ದಾಟಿತು. ಭಾವನವರು ಪರದೆ ನೋಡುತ್ತಿರಲಿಲ್ಲ. ಅಕ್ಕನ ತುಟಿಗಳನ್ನು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಅಕ್ಕ "ಹೂಂ" ಎಂದಳು. ಅವರು ಒತ್ತಿದರು. ಒಂದೇ ಒಂದು ಚೌಕ ಕೆಂಪಾಯಿತು.

ಸೆರಗಿನ ಆ ಸಾಲು ಪರದೆಯನ್ನು ದಾಟಿ ಇನ್ನೂ ಎಷ್ಟೋ ದೂರ ಹೋಗಿತ್ತು. ಭಾವನವರಿಗೆ ಅವಸರವಿದ್ದಂತೆ ಕಾಣಲಿಲ್ಲ.