ಪಾಯಸ ಉಂಡ ಮರುದಿನ

ಊರು ನೋಡುವುದೆಂದರೆ ನನಗೆ ಊರಿನ ತಿಂಡಿ ನೋಡುವುದು. ಜಲಪಾತವನ್ನು ಕಾರಿನ ಕಿಟಕಿಯಿಂದಲೇ ಮುಗಿಸಿ, ಸಾರಿನ ರುಚಿ ವಿಚಾರಿಸಲು ಮಾತ್ರ ಕೆಳಗಿಳಿಯುವವನು ನಾನು. ಇಷ್ಟೆಲ್ಲ ತಿಂದವನಿಗೆ ತಿಳಿವಳಿಕೆಯೂ ಬಂದಿರಬೇಕು ಎಂಬ ಭ್ರಮೆ ಬೇರೆ. ಹಾಗಾಗಿ ಮಡಿಕೇರಿಯ ಜನಜಂಗುಳಿ ಬಿಟ್ಟು, ಯಾರೂ ಫೋಟೊ ತೆಗೆಸಿಕೊಳ್ಳಲು ಬರದ ಅಮ್ಮತ್ತಿ ಪೇಟೆಗೆ ಒಬ್ಬನೇ ಹೋದೆ. ಹೋಟೆಲಿನವರನ್ನು ಇಲ್ಲಿಯದೇ ಊಟ ಏನಿದೆ ಎಂದು ಕೇಳಿದರೆ ಪರೋಟ, ಗೋಬಿ ಮಂಚೂರಿ ಎಂದರು. "ಇಲ್ಲಿದು ಬೇಕಂದ್ರೆ ಮನೇಲೇ ತಿನ್ಬೇಕು ಸಾರ್. ಇವತ್ತು ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ ಬೇರೆ, ಎಲ್ಲರ ಮನೇಲೂ ಮದ್ದುಸೊಪ್ಪಿನ ಪಾಯಸ."

ನಾನು ಉಳಿದಿದ್ದ ಹೋಂಸ್ಟೇಯ ಕಾವೇರಮ್ಮನವರೂ ಮಾಡಿದ್ದರು. ಸೊಪ್ಪು ಕುದಿಸಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದ ನೇರಳೆ ಬಣ್ಣದ ಪಾಯಸ. ಮಳೆಗಾಲದ ಈ ಒಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಇರುತ್ತದಂತೆ. ಮೂರು ಬಟ್ಟಲು ಇಳಿಸಿದೆ. "ಸಾರ್, ನಾಳೆ ಬೆಳಿಗ್ಗೆ ನೀವು..." ಎಂದು ಅವರು ಏನೋ ಹೇಳಹೊರಟರು. "ನಂಗೆ ಕಲ್ಲೂ ಅರಗುತ್ತೆ ಬಿಡಿ" ಎಂದು ತಡೆದು, ಪಾಯಸದ ಬಗ್ಗೆ ಅವರಿಗೇ ಅರ್ಧ ಗಂಟೆ ಪಾಠ ಹೇಳಿದೆ.

ಬೆಳಿಗ್ಗೆ ಮೂತ್ರಕ್ಕೆ ಹೋದರೆ ಕೆಂಪು. ಸಾಕ್ಷಾತ್ ರಕ್ತ! ಕಿಡ್ನಿ ಹೋಯಿತು, ನಾನೂ ಹೊರಟೆ ಎಂದುಕೊಂಡೆ. ಆಗ ನೆನಪಾದವನು ಮೈಸೂರಿನಲ್ಲಿರುವ ತಮ್ಮ. ಅವನ ಮಗಳ ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಗೆ ಕೂರಿಸಲಿಲ್ಲ, ಎರಡನೆಯದಕ್ಕೆ ಕೂರುವಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಅಷ್ಟಕ್ಕೇ ಏಳು ವರ್ಷ ಮಾತು ಬಿಟ್ಟಿದ್ದೆ. ಬರೆಯುವಾಗ ನಾಚಿಕೆಯಾಗುತ್ತಿದೆ, ಆ ಏಳು ವರ್ಷ ಆಗಿರಲಿಲ್ಲ.

ಫೋನ್ ಮಾಡಿ, "ನಂದು ಮುಗೀತು ಕಣೋ" ಎಂದೆ. ಇಷ್ಟು ದಿನ ಎಲ್ಲಿದ್ದೆ ಎಂದೂ ಕೇಳಲಿಲ್ಲ ಅವನು. "ಅಣ್ಣಾ, ಎಲ್ಲಿದ್ದೀಯ? ಅಲ್ಲೇ ಇರು, ಹೊರಟೆ" ಎಂದ. ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ಹೊರಬಂದವನ ಮುಖ ನೋಡಿ ಕಾವೇರಮ್ಮ ವಿಚಾರಿಸಿದರು. ಸಂಕೋಚದಿಂದ ಹೇಳಿದೆ. ಅವರು ಸೌಟು ಹಿಡಿದುಕೊಂಡೇ ನಕ್ಕರು. "ಅಯ್ಯೋ ಸಾರ್, ಇವತ್ತು ಊರಿಗೆಲ್ಲ ಕೆಂಪೇ. ಪಾಯಸದ ಬಣ್ಣ ಅದು. ನಿನ್ನೆ ಹೇಳೋಕೆ ಬಂದೆ, ನೀವು ಬಿಡ್ಲೇ ಇಲ್ಲ!"

ಬದುಕಿದೆ ಎಂಬ ಸಂತೋಷಕ್ಕಿಂತ, ತಮ್ಮನಿಗೆ ಏನೆಂದು ಹೇಳಲಿ ಎಂಬ ಚಿಂತೆಯೇ ದೊಡ್ಡದಾಯಿತು. ಬರಬೇಡ ಎಂದರೆ ಮತ್ತೆ ಇನ್ನೆಷ್ಟು ವರ್ಷವೋ. ಹೀಗೇ ಒಂದು ಗಂಟೆ ಕಳೆಯುವಷ್ಟರಲ್ಲಿ ಅವನದೇ ಫೋನ್ ಬಂತು. "ಹುಣಸೂರು ದಾಟಿದೆ. ಈಗ ಹೇಗಿದೆ ಅಣ್ಣ?"

ನಾನು ಒಳಗೆ ಹೋಗಿ ಮಲಗಿ, ಕಂಬಳಿಯನ್ನು ಕತ್ತಿನವರೆಗೂ ಎಳೆದುಕೊಂಡು, "ಪರವಾಗಿಲ್ಲ ಕಣೋ, ನಿಧಾನಕ್ಕೆ ಬಾ" ಎಂದು ಸಣ್ಣಗೆ ನರಳಿದೆ.