ಮೂವತ್ತೊಂದನೆಯ ಮನೆಯ ಊಟದ ತೂಕ

ಆಳಂದದ ವಕೀಲ ವಾಮನರಾಯರ ತಲೆಯಲ್ಲಿ ಹುಟ್ಟುವ ಒಳ್ಳೆಯ ವಿಚಾರಗಳ ಭಾರವನ್ನು ಸಾಮಾನ್ಯವಾಗಿ ಬೇರೆಯವರೇ ಹೊರಬೇಕಾಗುತ್ತದೆ. ಎಂಬತ್ನಾಲ್ಕನೆಯ ಇಸವಿಯ ಚಳಿಗಾಲದಲ್ಲಿ ಹುಟ್ಟಿದ್ದನ್ನು ಹೊತ್ತವಳು ಅವರ ತಂಗಿ ನರ್ಮದಾ.

ಎಂ.ಎಸ್ಸಿ. ಮುಗಿಸಿದ ನರ್ಮದಾ ಆಹಾರ ಭದ್ರತೆ ಮತ್ತು ಪೌಷ್ಟಿಕತೆಯ ಸಂಶೋಧನೆಗೆಂದು ಒಂದು ಸ್ಕಾಲರ್‌ಶಿಪ್ ಗಿಟ್ಟಿಸಿದ್ದಳು. ಕೆಲಸ ಇಷ್ಟೇ. ಹತ್ತಿರದ ಹಳ್ಳಿ ನಿಂಬರ್ಗಾದ ಮೂವತ್ತು ಕೂಲಿಕಾರರ ಮನೆಗಳಲ್ಲಿ ಊಟಕ್ಕೆ ಮೊದಲು ಪ್ರತಿಯೊಬ್ಬರ ತಾಟನ್ನೂ ತೂಗಿ ಬರೆದುಕೊಳ್ಳುವುದು. ಆ ಅಂಕಿಗಳು ಹಣ ಕೊಡುವ ಸಮಿತಿಗೆ ಒಪ್ಪಿಗೆಯಾದರೆ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ. ಇಲ್ಲವಾದರೆ ಸರದಿಯಲ್ಲಿ ನಿಂತ ಮತ್ತೊಬ್ಬರ ಪಾಲು.

"ಮಂದಿ ಏನು ಉಣ್ತಾರ ಅಂತ ನೋಡ್ಲಿಕ್ಕೆ ಸರಕಾರ ರೊಕ್ಕ ಕೊಡ್ತದೇನು?" ಎಂದು ರಾಯರು ಕಣ್ಣರಳಿಸಿದರು. (ಉಣ್ಣದವರನ್ನು ನೋಡದೆ ಇರಲು ಸರಕಾರ ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆಂಬುದು ವಕೀಲರಿಗೆ ತಿಳಿಯದ ವಿಷಯವೇನಲ್ಲ.) "ನಿಂಬರ್ಗಾದಾಗ ಅರ್ಧ ಊರು ನನ್ನ ಪಕ್ಷಗಾರರು. ನಾ ಹೇಳಿ ಕಳಸ್ತೇನಿ, ನೀ ಸುಮ್ಮ ಹೋಗಿ ತೂಗು."

ಹೇಳಿ ಕಳಿಸಿದ್ದು ಹೀಗೆ: ನಮ್ಮ ತಂಗಿ ನಿಮ್ಮ ಊಟ ನೋಡಲು ಬರುತ್ತಾಳೆ, ಊರಿನ ಮಾನ ಉಳಿಸಿರಿ.

ಊರು ಮಾನ ಉಳಿಸಿತು. ತೊಗರಿ ಕೊಯ್ಯುವ ಕೂಲಿ ಸೈದಪ್ಪನ ತಾಟಿನಲ್ಲಿ ನಾಲ್ಕು ಹೋಳಿಗೆ, ಮೇಲೆ ತುಪ್ಪ.

"ದಿನಾ ಹೋಳಿಗಿ ಮಾಡ್ತೀರೇನ್ರಿ, ರೇವಮ್ಮ?" ನರ್ಮದಾ ಸೈದಪ್ಪನ ಹೆಂಡತಿಯನ್ನು ಕೇಳಿದಳು.

"ಹೌದ್ರಿ ಅಕ್ಕಾರ. ಇವ್ರಿಗೆ ಹೋಳಿಗಿ ಇಲ್ಲಂದ್ರ ನಡಿಯಂಗಿಲ್ರಿ."

ಸೈದಪ್ಪ ಹೆಂಡತಿಯ ಮುಖವನ್ನು ಹೊಸದಾಗಿ ಪರಿಚಯವಾದವನಂತೆ ನೋಡಿದ. "ಹಂಗಾರ ಇನ್ನೊಂದು ಹಾಕ ಬೇ," ಎಂದ.

ಮುಂದಿನ ಮನೆಯಲ್ಲಿ ಜೈತುನಬಿ ತತ್ತಿ ಇಡುತ್ತಿದ್ದ ಒಂದೇ ಕೋಳಿಯನ್ನು ಸಾರಿಗೆ ಹಾಕಿದ್ದಳು. ಏಳನೆಯ ಮನೆಯ ಹೊತ್ತಿಗೆ ನರ್ಮದಾಳಿಗೆ ತುಪ್ಪದ ಗಿಂಡಿಯ ಗುರುತು ಹತ್ತಿತು. ಅಂಚು ನೆಗ್ಗಿದ ಅದೇ ಗಿಂಡಿ. ಅವಳು ಮುಂಬಾಗಿಲಿನಿಂದ ಒಳಗೆ ಹೋಗುವಷ್ಟರಲ್ಲಿ ಅದು ಹಿತ್ತಲ ಬಾಗಿಲಿನಿಂದ ಬಂದು ಕೂತಿರುತ್ತಿತ್ತು.

ಅಂಕಿಗಳನ್ನು ನೋಡಿದ ಮಾರ್ಗದರ್ಶಕರ ಪತ್ರ ಬಂತು. "ನಿಮ್ಮ ಲೆಕ್ಕದಂತೆ ನಿಂಬರ್ಗಾದ ಕೂಲಿಕಾರ ನನಗಿಂತ ಚೆನ್ನಾಗಿ ಉಣ್ಣುತ್ತಾನೆ. ಸಂತೋಷ. ಹಾಗಿದ್ದಲ್ಲಿ ಈ ಸಂಶೋಧನೆಗೆ ಅರ್ಥವಿಲ್ಲ. ಆರು ವಾರದೊಳಗೆ ನಂಬುವಂಥ ಅಂಕಿ ಕಳಿಸಿ. ಹೋಲಿಕೆಗೆ, ಕಾಳಿಗೆ ಕೊರತೆಯಿಲ್ಲದ ಒಂದು ಮನೆಯನ್ನೂ ತೂಗಿ."

"ಅಣ್ಣಾ, ನೀ ಅವ್ರಿಗೆ ಏನ್ ಹೇಳಿದ್ದಿ?"

"ಏನೂ ಇಲ್ಲ. ಮಾನ ಉಳಸ್ರಿ ಅಂದಿದ್ದೆ."

"ಅವ್ರ ಮಾನ ಉಳೀತು, ನನ್ನ ಸ್ಕಾಲರ್‌ಶಿಪ್ ಹೋಗಾಕತ್ತದ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರಾಯರ ಹೆಂಡತಿ ಶಾರದಾಬಾಯಿ ಕೈ ನಿಲ್ಲಿಸದೆ ಹೇಳಿದರು: "ನರ್ಮದಾ, ನೀ ಅಲ್ಲೇ ಹೋಗಿ ಇರು. ಮೊದಲನೇ ದಿನ ಹೋಳಿಗಿ ಮಾಡ್ತಾರ. ಎರಡನೇ ದಿನಾನೂ ಮಾಡ್ತಾರ, ಹೊಟ್ಟಿಗಿ ಬಟ್ಟಿ ಕಟ್ಟಿ. ಎಂಟ್ ದಿನಕ್ಕ ನೀ ಬೀಗರಾಕಿ ಅಲ್ಲ, ಮನಿಯಾಕಿ ಆಗ್ತಿ. ಆವಾಗ ತೂಗು. ಮತ್ತ ಗಂಡಸರ ತಾಟು ತೂಗಿ ಎದ್ದು ಬರಬ್ಯಾಡ. ಕಡೀಕೆ ಯಾರು ಉಣ್ತಾರ, ಅಲ್ಲೀತನ ಕೂಡು."

ನರ್ಮದಾ ಒಂದು ತಿಂಗಳು ನಿಂಬರ್ಗಾದಲ್ಲಿ ಇದ್ದಳು. ಮರಳಿ ಬಂದಾಗ ಲೆಕ್ಕದ ವಹಿಯಲ್ಲಿ ಹೋಳಿಗೆ ಇರಲಿಲ್ಲ. ಕೊನೆಗೆ ಉಣ್ಣುವ ರೇವಮ್ಮನ ಪಾಲಿಗೆ ರೊಟ್ಟಿ ಒಂದೂಕಾಲು, ಖಾರಪುಡಿ, ನೀರು. ಫಾರಮ್ಮಿನ ಕೊನೆಯ ಪ್ರಶ್ನೆ "ಹೊಟ್ಟೆ ತುಂಬಿತೇ?" ಎಂಬುದಕ್ಕೆ ಮೂವತ್ತು ಮನೆಯ ಹೆಂಗಸರದೂ ಒಂದೇ ಉತ್ತರ: ತುಂಬ್ಯದ. (ಫಾರಮ್ಮಿನಲ್ಲಿ "ಕೊನೆಗೆ ಉಂಡವರು" ಎಂಬ ಕಾಲಮ್ಮಿತ್ತು. ಅವರು ಗಂಡೋ ಹೆಣ್ಣೋ ಎಂದು ಕೇಳುವ ಕಾಲಮ್ಮಿರಲಿಲ್ಲ. ಕೇಳುವುದೇನಿದೆ?)

ಇನ್ನು ಉಳಿದದ್ದು ಕಾಳು ತುಂಬಿದ ಮನೆ. "ನಮ್ಮ ಮನೀನೇ ತೂಗು," ಎಂದರು ರಾಯರು. "ಇಲ್ಲಿ ಎಲ್ಲಾರೂ ಹೊಟ್ಟಿ ತುಂಬ ಉಣ್ತಾರ. ದೇಶಕ್ಕ ಒಂದು ಮಾದರಿ ಸಿಗಲಿ."

ನರ್ಮದಾ ತೂಗಿದಳು. ವಹಿ ತೋರಿಸು ಎಂದರೆ ತೋರಿಸಲಿಲ್ಲ. ರಾಯರಿಗೆ ಕೋರ್ಟಿನಲ್ಲಿ ಕೂತರೂ ಅದೇ ಧ್ಯಾನ. ಆ ವಹಿಯಲ್ಲಿ ತಮ್ಮ ಮನೆ ಹೇಗೆ ಕಾಣುತ್ತಿರಬಹುದು? ಸಾಕ್ಷಿಯನ್ನು ಪ್ರಶ್ನಿಸುತ್ತಿದ್ದವರು ನಡುವೆ "ಮೊಸರು ಎಷ್ಟು?" ಎಂದು ಕೇಳಿ, ಸಾಕ್ಷಿಯೂ ಜಡ್ಜರೂ ಒಟ್ಟಿಗೆ ತಲೆಯೆತ್ತುವಂತೆ ಮಾಡಿದರು. ಸಂಜೆ ತಂಗಿ ಹಿತ್ತಲಲ್ಲಿದ್ದಾಗ ತೆರೆದು ಓದಿಯೇಬಿಟ್ಟರು.

ಮನೆ ೩೧. ಮೊದಲು ಉಂಡವರು: ರೊಟ್ಟಿ ಐದು, ಬ್ಯಾಳಿ, ಬದನೆಕಾಯಿ, ತುಪ್ಪ, ಮೊಸರು. ಕೆಲಸ: ಕುರ್ಚಿಯ ಮೇಲೆ. ಕೊನೆಗೆ ಉಂಡವರು: ರೊಟ್ಟಿ ಒಂದೂಕಾಲು, ಬ್ಯಾಳಿಯ ತಳ. ಕೆಲಸ: ನಸುಕಿನಿಂದ ರಾತ್ರಿಯವರೆಗೆ. ಹೊಟ್ಟೆ ತುಂಬಿತೇ? ತುಂಬಿತು.

ಒಂದೂಕಾಲು. ಕಣಜದಲ್ಲಿ ಎಂಟು ಚೀಲ ಜೋಳವಿದ್ದ ಮನೆಗೂ ರೇವಮ್ಮನ ಮನೆಗೂ ಆ ಸಾಲಿನಲ್ಲಿ ವ್ಯತ್ಯಾಸವೇ ಇರಲಿಲ್ಲ.

"ಈ ಪುರಾವೆ ನಾ ಒಪ್ಪಂಗಿಲ್ಲ," ಎಂದು ರಾಯರು, ತಂಗಿ ಒಳಗೆ ಬರುತ್ತಲೇ, ವಹಿ ಹಿಡಿದು ಎದ್ದು ನಿಂತರು. "ಅಂದು ಆಕೀಗೆ ಹಸಿವಿ ಇದ್ದಿಲ್ಲ. ಹೌದಲ್ಲ, ಶಾರದಾ?"

"ಈ ಮನಿಗಿ ಬಂದು ಇಪ್ಪತ್ತೆರಡು ವರ್ಷ ಆತ್ರಿ, ಹಸಿವಿ ಇಲ್ಲದೇ," ಎಂದರು ಶಾರದಾಬಾಯಿ.

"ನಾಳೆ ಮತ್ತ ತೂಗು ನರ್ಮದಾ. ನಾ ಕಡೀಕೆ ಉಣ್ತೇನಿ. ಕಡೀಕೆ ಉಂಡವ್ರಿಗೆ ಏನ್ ಕಡಿಮಿ ಬೀಳ್ತದ, ಜಗತ್ತು ನೋಡ್ಲಿ."

ಮರುದಿನ ರವಿವಾರ. ಶಾರದಾಬಾಯಿ ದಿನದಷ್ಟೇ ರೊಟ್ಟಿ ಮಾಡಿ, ಜೀವಮಾನದಲ್ಲಿ ಮೊದಲ ಬಾರಿಗೆ ಮೊದಲ ಸಾಲಿನಲ್ಲಿ ಕೂತರು. ಅವರು ಕೈ ತೊಳೆಯುವಷ್ಟರಲ್ಲಿ ಸೈದಪ್ಪ ತನ್ನ ತುಂಡು ಹೊಲದ ತಕರಾರು ಹಿಡಿದು ಇಬ್ಬರು ಸಾಕ್ಷಿದಾರರೊಂದಿಗೆ ಬಂದ. ಊಟದ ಹೊತ್ತಿಗೆ ಬಂದವರನ್ನು ಉಣಿಸದೆ ಕಳಿಸುವ ಮನೆಯಲ್ಲ ಅದು. ಪಡಸಾಲೆಯಲ್ಲಿ ತಾಟು ಹಾಕಿದರು. ರಾಯರು ಎಂದಿನ ರೂಢಿಯಂತೆ ನಡುವೆ ನಿಂತು, "ಸೈದಪ್ಪಗ ಇನ್ನೊಂದು ರೊಟ್ಟಿ ಹಾಕ. ನಾಚಬ್ಯಾಡ್ರಲೇ, ಉಣ್ರಿ," ಎಂದು ಧಾರಾಳವಾಗಿ ಉಪಚರಿಸಿದರು. ಆ ಧಾರಾಳತನ ಇಷ್ಟು ವರ್ಷ ಯಾರ ತಾಟಿನಿಂದ ಹೋಗುತ್ತಿತ್ತು ಎಂಬುದು, ರೊಟ್ಟಿಯ ಬುಟ್ಟಿಯೊಳಗೆ ಇಣುಕಿದಾಗ ತಿಳಿಯಿತು.

ನರ್ಮದಾ ತಕ್ಕಡಿ ಇಟ್ಟಳು. ಒಂದೂಕಾಲು. ಬ್ಯಾಳಿಯ ತಳವನ್ನು ರಾಯರೇ ಸೌಟಿನಿಂದ ಕೆರೆದುಕೊಂಡರು.

"ಹೊಟ್ಟಿ ತುಂಬಿತೇನು ಅಣ್ಣಾ?"

"ಇಲ್ಲ," ಎಂದರು ರಾಯರು. ವಕೀಲಿ ಶುರು ಮಾಡಿದಾಗಿನಿಂದ ಅವರು ಇಷ್ಟು ಚಿಕ್ಕದಾಗಿ, ಇಷ್ಟು ನಿಜವಾಗಿ ಮಾತಾಡಿರಲಿಲ್ಲ.

ಎರಡು ದಿನದ ಹಾಳೆಗಳೂ ಅಂಚೆಯಲ್ಲಿ ಹೋದವು. ತಿಂಗಳ ಮೇಲೆ ಉತ್ತರ ಬಂದಾಗ, ತಡೆಯಲಾಗದೆ ರಾಯರೇ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು: "ಅಂಕಿಗಳು ತೃಪ್ತಿಕರ. ಮೂವತ್ತು ಮನೆಗಳಲ್ಲಿ ಯಾರೂ ಆಡದ ‘ಇಲ್ಲ’ ಎಂಬ ಮಾತನ್ನು ಮನೆ ೩೧ರ ಹೆಣ್ಣುಮಗಳು ಎರಡನೆಯ ದಿನ ಆಡಿದ್ದಾಳೆ. ಆ ದಿಟ್ಟ ತಾಯಿಗೆ ಸಮಿತಿಯ ವಂದನೆ. ಕೊನೆಗೆ ಉಣ್ಣುವ ಅದೇ ವ್ಯಕ್ತಿಯನ್ನು ಅದೇ ಪದ್ಧತಿಯಲ್ಲಿ ಇನ್ನೂ ಒಂದು ತಿಂಗಳು ತೂಗಿ ಕಳಿಸಿದರೆ ವಿದ್ಯಾರ್ಥಿವೇತನ ಎರಡು ವರ್ಷ…"

ರಾಯರು ಲಕೋಟೆ ತಿರುವಿ ವಿಳಾಸ ನೋಡಿದರು.

"ಓದ್ರಿ, ದಿಟ್ಟ ತಾಯಿ, ಮುಂದ ಏನದ?" ಶಾರದಾಬಾಯಿ ಕೇಳಿದರು.

"ನರ್ಮದಾ, ಅವ್ರಿಗೆ ತಪ್ಪು ತಿಳಿದದ. ಅದು ಗಂಡಸು ಅಂತ ಬರದು ತಿಳಸು."

"ತಿಳಸೇ ತಿಳಸ್ತೇನಿ ಅಣ್ಣಾ, ಸುಳ್ಳು ಅಂಕಿ ನಡಿಯಂಗಿಲ್ಲ. ಆದ್ರ ಗಂಡಸು ಅಂದಕೂಡ್ಲೆ ಯಾರು, ಯಾಕ ಅಂತ ಕೇಳ್ತಾರ. ಹೆಸರು, ವಿಳಾಸ, ವಕೀಲಿ, ಎಲ್ಲಾ ಹಾಕಲೇನು? ಮತ್ತ ವ್ಯಕ್ತಿ ಯಾರೇ ಇರ್ಲಿ, ತಿಂಗಳ ತೂಕ ಬೇಕೇ ಬೇಕು. ಇಲ್ಲಂದ್ರ ಸ್ಕಾಲರ್‌ಶಿಪ್ ಇಲ್ಲ."

ರಾಯರು ಪತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಮೇಲ್ಮನವಿಗೆ ಯಾವ ಕೋರ್ಟೂ ತೋಚಲಿಲ್ಲ. ಅಷ್ಟರಲ್ಲಿ ಶಾರದಾಬಾಯಿ ಮಣೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಮೊದಲ ಸಾಲಿನಲ್ಲಿ ಕೂತಾಗಿತ್ತು.

"ಏನ್ರಿ, ಸುಮ್ಮ ನಿಂತ್ರಿ? ಬಿಸೀದು ಒಂದು ರೊಟ್ಟಿ ಹಾಕ್ರಿ," ಎಂದರು. "ಮ್ಯಾಲ ಸ್ವಲ್ಪ ತುಪ್ಪಾನೂ ಇರ್ಲಿ."